ಸರ್ವರ್ ರೂಮಿನ ಒಣಗಾಯಿ

ಮೊನ್ನೆ ಕಾಲೇಜಿನ ಸರ್ವರ್ ರೂಮಿನಲ್ಲಿ ಹಳೇ ಮೇಜು ಬದಲಾಯಿಸುವಾಗ ಕೆಳಗಿನ ಡ್ರಾಯರಿನೊಳಗೆ ಏನೋ ಉರುಳಿತು. ತೆಗೆದು ನೋಡಿದರೆ ಸುಲಿದ ಒಣಗಾಯಿ. ಅಲ್ಲಾಡಿಸಿದೆ. ಒಳಗೆ ಕೊಬ್ಬರಿ ಗಡಗಡ ಎಂದಿತು. ಕಾಲೇಜಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ನಮ್ಮ ಸಿಸ್ಟಮ್ ಸರ್ ಇಟ್ಟುಕೊಂಡಿದ್ದ ಕಾಯಿ...

ಅವರದು ತೆಂಗಿನ ಸೀಮೆ, ದಬ್ಬೇಘಟ್ಟದ ಕಡೆ. ಓದಿದ್ದು ಐಟಿಐ. ನಾನೋ ನಮ್ಮ ಮನೆತನದಲ್ಲೇ ಮೊದಲು ಡಿಗ್ರಿ ಮುಗಿಸಿದವಳು; ಶೆಟ್ಟಿಕೆರೆಯಿಂದ ದಿನವೂ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ ಓದಿದವಳು. ಆ ಹೆಮ್ಮೆ ಈಗಲೂ ಇದೆ, ಆಗ ಸ್ವಲ್ಪ ಜಾಸ್ತಿಯೇ ಇತ್ತು. ಅವರ ಕೈಕೆಳಗೆ ಕೆಲಸಕ್ಕೆ ಸೇರಿದ ತಿಂಗಳಲ್ಲೇ ವಿದ್ಯಾರ್ಥಿಗಳ ಅಂಕಗಳ ಡೇಟಾಬೇಸ್ ದಿನಾ ಬೆಳಿಗ್ಗೆ ಆರಕ್ಕೆ ತಾನಾಗಿಯೇ ಇನ್ನೊಂದು ಡಿಸ್ಕಿಗೆ ಬ್ಯಾಕಪ್ ಆಗುವಂತೆ ಮಾಡಿದೆ. ‘ಬ್ಯಾಕಪ್ ಮುಗಿಯಿತು’ ಅಂತ ಮೆಸೇಜೂ ಬರುತ್ತಿತ್ತು.

ಸರ್ ಆ ಕಾಯಿ ಅಲ್ಲಾಡಿಸುತ್ತಾ ಕೇಳಿದರು: “ಕೊಬ್ಬರಿಗೆ ಕಾಯ್ನ ಅಟ್ಟದ ಮೇಲೆ ವರ್ಷ ಇಟ್ಟಿದೀವಿ ಅಂತ ಸುಮ್ನೆ ಒಡೀತಾರೇನಮ್ಮ? ಕೊಬ್ಬರಿ ಚಿಪ್ಪು ಬಿಟ್ಟದಾ ಅಂತ ಕಿವಿಗಿಟ್ಟು ನೋಡಲ್ವಾ? ವಾರಕ್ಕೊಂದ್ಸಲ ಬ್ಯಾಕಪ್ಪು ಹಳೇ ಕಂಪ್ಯೂಟರ್‌ಗೆ ಹಾಕು, ಡೇಟಾ ವಾಪಸ್ ಬತ್ತದಾ ನೋಡು.”

ಐಟಿಐ ಓದಿದವರು ನನಗೆ ಹೇಳಿಕೊಡುವುದೇ ಎನ್ನಿಸಿತು. ಪ್ರತಿ ಶನಿವಾರ ಕೇಳುತ್ತಿದ್ದರು. “ಮಾಡ್ದೆ ಸರ್” ಅನ್ನುತ್ತಿದ್ದೆ. ಒಂದು ಸಲವೂ ಮಾಡಿರಲಿಲ್ಲ.

ಯೂನಿವರ್ಸಿಟಿಗೆ ಇಂಟರ್ನಲ್ ಅಂಕ ಕಳಿಸಲು ಮೂರು ದಿನ ಇದೆ ಎನ್ನುವಾಗ ಸರ್ವರಿನ ಡಿಸ್ಕ್ ಕೆಟ್ಟುಹೋಯಿತು. ಬ್ಯಾಕಪ್ ತೆರೆದರೆ ತಿಂಗಳಿಂದ ಎಲ್ಲ ಫೈಲೂ ಖಾಲಿ. ಸರ್ವರಿನಲ್ಲಿ ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಫೈಲುಗಳನ್ನೂ ಬ್ಯಾಕಪ್ಪಿನ ಡಿಸ್ಕಿಗೇ ಬಿಟ್ಟಿದ್ದೆ. ಅವು ಬೆಳೆದು ಬೆಳೆದು ಜಾಗವನ್ನೆಲ್ಲ ತಿಂದಿದ್ದವು. ನನ್ನ ಮೆಸೇಜು ಮಾತ್ರ ಮುಗಿಯಿತು, ಮುಗಿಯಿತು ಅನ್ನುತ್ತಲೇ ಇತ್ತು. ಮಕ್ಕಳ ಅಂಕ, ನನ್ನ ಕೆಲಸ... ಎರಡೂ ಹೋದವು ಅಂದುಕೊಂಡೆ.

ಸರ್ ಜೇಬಿನಿಂದ ಪೆನ್‌ಡ್ರೈವ್ ತೆಗೆದರು. ಪ್ರತಿ ಶನಿವಾರ ತಾವೇ ಸರ್ವರಿನಿಂದ ನೇರವಾಗಿ ಒಂದು ಪ್ರತಿ ತೆಗೆದು, ಹಳೇ ಕಂಪ್ಯೂಟರಿಗೆ ಹಾಕಿ ನೋಡಿ, ಇಟ್ಟುಕೊಳ್ಳುತ್ತಿದ್ದರಂತೆ. ಆಮೇಲಿನ ನಾಲ್ಕು ದಿನದ ಅಂಕಗಳನ್ನು ಮೇಷ್ಟ್ರುಗಳ ಹಾಳೆ ನೋಡಿಕೊಂಡು ಇಬ್ಬರೂ ಕೂತು ಟೈಪ್ ಮಾಡಿದೆವು. ಪ್ರಿನ್ಸಿಪಾಲರು ಕೇಳಿದಾಗ ಸರ್ “ನಾವಿಬ್ರೂ ನೋಡ್ಕೋಬೇಕಿತ್ತು ಸಾ” ಅಂದರು. ನನ್ನ ಸುಳ್ಳಿನ ಸುದ್ದಿ ಎತ್ತಲೇ ಇಲ್ಲ. ನನಗೆ ಹೇಳಿದ್ದು ಇಷ್ಟೇ: “ಹಳೇ ಕಾಯಿ ಇಳಿಸ್ದೆ ಹೊಸ್ದು ತುಂಬುದ್ರೆ ಅಟ್ಟ ತಡೀತದಾ? ಹಳೇ ಲಾಗಿಗೂ ಒಂದು ದಾರಿ ತೋರ್ಸಿ, ಡಿಗ್ರಿ ಮೇಡಮ್ನೋರೆ!” ವಾರಕ್ಕೊಮ್ಮೆ ಲಾಗ್ ಹೊಸದಾಗಿ ಶುರುವಾಗಿ, ತಿಂಗಳು ದಾಟಿದ್ದು ತಾನೇ ಅಳಿಸಿಹೋಗುವಂತೆ ಅವತ್ತೇ ಮಾಡಿದೆ.

ಅವರು ತೀರಿಕೊಂಡು ಎರಡು ವರ್ಷವಾಯಿತು. ಸುಳ್ಳು ಹೇಳಿದ್ದನ್ನು ಒಪ್ಪಿಕೊಳ್ಳಬೇಕು ಅಂತಲೇ ಇದ್ದೆ... ಇವತ್ತಲ್ಲ ನಾಳೆ ಅಂದುಕೊಂಡೇ ಉಳಿದುಹೋಯಿತು.

ಇವತ್ತು ಶನಿವಾರ. ಬ್ಯಾಕಪ್ಪನ್ನು ಹಳೇ ಕಂಪ್ಯೂಟರಿಗೆ ಹಾಕಿ, ಅಂಕಪಟ್ಟಿ ತೆರೆದು ನೋಡಿದೆ. ಎಲ್ಲ ಇದ್ದವು. ಕಾಯಿಯನ್ನು ಹೊಸ ಮೇಜಿನ ಮೇಲಿಟ್ಟು “ಮಾಡ್ದೆ ಸರ್” ಅಂದೆ. ಅವರು ಕೂರುತ್ತಿದ್ದ ಕುರ್ಚಿಯ ಮೇಲೆ ಯುಪಿಎಸ್ ಬ್ಯಾಟರಿಯ ಖಾಲಿ ಡಬ್ಬ ಇತ್ತು.