ಅರ್ಧ ಟ್ಯಾಂಕ್

ಗಾಡಿ ನಿಂತದ್ದು ಮೇಲೂರು ದಾಟಿದ ಮೇಲೋ ಮೊದಲೋ, ಅಮ್ಮನ ತಲೆ ನನ್ನ ತೊಡೆಯ ಮೇಲಿತ್ತೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ. ಎದೆನೋವು ಎಂದ ಅಮ್ಮನನ್ನು ಚಿಕ್ಕಪ್ಪ ರೇಷ್ಮೆಗೂಡು ಸಾಗಿಸುವ ತನ್ನ ಹಳೆಯ ಪಿಕಪ್‌ನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಏರಿನಲ್ಲಿ ಇಂಜಿನ್ ಕೆಮ್ಮಿ ನಿಂತಿತು. ಮತ್ತೆ ಹೊರಡುವಷ್ಟರಲ್ಲಿ ಅಮ್ಮ ತೀರಿಕೊಂಡಿದ್ದಳು.

ಗಾಡಿ ಮೊದಲಿನಿಂದಲೂ ಆಗಾಗ ಮಿಸ್ಸಿಂಗ್ ಹೊಡೆದು ನಿಂತುಬಿಡುತ್ತಿತ್ತು. ಶಿಡ್ಲಘಟ್ಟದ ಮೆಕ್ಯಾನಿಕ್ಕನ ಮುಂದೆ ಮಾತ್ರ ಸರಿಯಾಗಿ ಓಡುತ್ತಿತ್ತು. "ಗಾಡೀಗೇನೂ ಆಗಿಲ್ಲ ಕಣಣ್ಣ, ನಿಂಗೇ ಏನೋ ಆಗೈತೆ," ಎಂದು ಅವನು ನಗುತ್ತಿದ್ದ.

ತಿಥಿಯ ನಂತರ ಆ ಮೆಕ್ಯಾನಿಕ್ಕನೇ ಟ್ಯಾಂಕ್ ಬಿಚ್ಚಿದ. ಒಳಗೆ ಡೀಸೆಲ್ ಎಳೆಯುವ ಪೈಪು ಅರ್ಧದ ಮಟ್ಟದಲ್ಲಿ ಸೀಳಿಹೋಗಿತ್ತು. ಡೀಸೆಲ್ ಆ ಸೀಳಿಗಿಂತ ಕೆಳಗಿಳಿದರೆ ಇಂಜಿನ್ನಿಗೆ ಗಾಳಿ ಹೋಗಿ ಅದು ನಿಲ್ಲುತ್ತಿತ್ತು. ಮಾರುಕಟ್ಟೆಯಲ್ಲಿ ಗೂಡು ಇಳಿಸಿ, ಟ್ಯಾಂಕ್ ತುಂಬಿಸಿಕೊಂಡೇ ಗ್ಯಾರೇಜಿಗೆ ಹೋಗುವುದು ಚಿಕ್ಕಪ್ಪನ ರೂಢಿ. ಹಾಗಾಗಿ ಕಾಯಿಲೆ ಅಲ್ಲಿ ಎಂದೂ ಕಾಣಿಸಿರಲಿಲ್ಲ.

"ಟ್ಯಾಂಕ್ ತುಂಬಿದ್ರೆ ಇದು ತರಲೆ ಮಾಡಲ್ಲಮ್ಮ," ಎಂದು ಚಿಕ್ಕಪ್ಪ ಒಮ್ಮೆ ನನಗೆ ಹೇಳಿದ್ದು ನೆನಪಿದೆ. ಅದು ಅಮ್ಮ ಸಾಯುವ ಮೊದಲೋ ಆಮೇಲೋ, ಅದೂ ನೆನಪಾಗುತ್ತಿಲ್ಲ. ಕೊನೆಗೆ ಅವನನ್ನೇ ಕೇಳಿದೆ.

"ಚಿಕ್ಕಪ್ಪ, ಅವತ್ತು ಹೊರಟಾಗ್ಲೇ ನಿಂಗೆ ಇದು ಗೊತ್ತಿತ್ತಾ?"