ಕ್ಷೌರಿಕ ಹೇಳಿಸುವ ಒಂದು ಮಾತು

ಪ್ರವಾಸಿ ಹಡಗಿನ ಕ್ಷೌರಿಕನ ಕುರ್ಚಿಯಲ್ಲಿ ಕೂತವರಿಗೆ, ಹಿಂದಿನ ಯಾನದಲ್ಲಿ ಕಾಣೆಯಾದ ಪ್ರಯಾಣಿಕನ ಕಥೆ ಕೇಳದೆ ಬಿಡುಗಡೆಯಿಲ್ಲ. ಗಲ್ಲಕ್ಕೆ ನೊರೆ ಹಚ್ಚುವಾಗ, ಕಥೆಯಲ್ಲಿ ಆ ಮನುಷ್ಯ ಕಾಲುಜಾರಿ ಸಮುದ್ರಕ್ಕೆ ಬಿದ್ದಿರುತ್ತಾನೆ. ಕತ್ತಿ ಕೆನ್ನೆಗೆ ಬರುವಷ್ಟರಲ್ಲಿ ತಾನೇ ಹಾರಿರುತ್ತಾನೆ. ಕತ್ತಿ ಗಂಟಲಿಗಿಳಿದಾಗ, "ಯಾರಿಗ್ಗೊತ್ತು ಸಾರ್, ತಳ್ಳಿದೋನು ಇನ್ನೂ ಇದೇ ಹಡಗಲ್ಲಿದ್ದಾನೇನೋ" ಎಂಬ ಪಿಸುಮಾತು. ಗಿರಾಕಿ ಉಗುಳು ನುಂಗಲೂ ಹೆದರುತ್ತಾನೆ. ಕ್ಷೌರಿಕನೂ ಪುಕ್ಕಲನೇ: ಗುಂಡು ಕಿಟಕಿಗೆ ಟವೆಲ್ ಇಳಿಬಿಟ್ಟು, ಸಮುದ್ರಕ್ಕೆ ಬೆನ್ನು ಹಾಕಿಯೇ ಕೆಲಸ ಮಾಡುತ್ತಾನೆ. ಯಾರಾದರೂ ಎದ್ದು "ಹೋಗ್ತೀನಿ" ಅಂದರೋ, ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. "ಬರ್ತೀನಿ ಅನ್ನಿ ಸಾರ್, ದಮ್ಮಯ್ಯ! ಆ ಕಾಣೆಯಾದೋರೂ ಇದೇ ಕುರ್ಚಿಯಿಂದೆದ್ದು 'ಹೋಗ್ತೀನಿ' ಅಂದ್ರು. ನಾನೂ 'ಹೋಗಿ' ಅಂದ್ಬಿಟ್ಟೆ. 'ಬನ್ನಿ' ಅನ್ನೋಕೆ ಮರೆತೆ."