ಹಿಡಿಸೂಡಿ ಕಡ್ಡಿಯ ರೂಲು

ಎಂಬತ್ತನೇ ಇಸವಿಯ ಆಚೀಚೆ ನಾನು ಮಣಿಪಾಲದಲ್ಲಿ ಡಾಕ್ಟರಿಕೆ ಓದುವ ಇಬ್ಬರು ಹುಡುಗರಿಗೆ ಅಡುಗೆ ಮಾಡುತ್ತಿದ್ದೆ. ಇಬ್ಬರ ಹೆತ್ತವರೂ ಕಾರ್ಕಳದ ಕಡೆಯಿಂದ ಅಮೆರಿಕಕ್ಕೆ ಹೋಗಿ ಕೂತವರು. ಒಬ್ಬ ಉದ್ದದವನು, ಒಬ್ಬ ಕನ್ನಡಕದವನು. ಕಾಲೇಜಿನಲ್ಲಿ ಹೆಣ ಕೊಯ್ಯುವವರು, ಮನೆಗೆ ಬಂದರೆ ಗೊಂಬೆಯಾಟ.

ಅದು ಅಮೆರಿಕದ ಫುಟ್‌ಬಾಲ್ ಅಂತೆ. ತಗಡಿನ ಹಲಗೆ, ಅಡಿಯಲ್ಲಿ ಮೋಟರು. ಸ್ವಿಚ್ಚು ಹಾಕಿದರೆ ಮೇಲಿನ ಪ್ಲಾಸ್ಟಿಕ್ ಗೊಂಬೆಗಳು ಚಳಿಜ್ವರ ಬಂದವರ ಹಾಗೆ ನಡುಗಿಕೊಂಡು ಹೊರಡುತ್ತವೆ. ಒಂದು ಮುಂದೆ ಹೋದರೆ ಇನ್ನೊಂದು ನಿಂತಲ್ಲೇ ಸುತ್ತುತ್ತದೆ. ಹೆಸರು ಫುಟ್‌ಬಾಲ್, ಒಂದು ಗೊಂಬೆಯೂ ಚೆಂಡು ಒದ್ದದ್ದನ್ನು ನಾನು ಕಾಣಲಿಲ್ಲ.

ಆಟದ ಜೊತೆ ಬಂದ ರೂಲು ಸಾಲದು ಅಂತ ಇವರದ್ದೇ ರೂಲು ಬೇರೆ ಬರೆದು ಗೋಡೆಗೆ ಅಂಟಿಸಿದ್ದರು. ಚೆಂಡು ಅಂದರೆ ಹತ್ತಿಯ ಉಂಡೆ. ದೂರಕ್ಕೆ ಎಸೆಯುವುದಾದರೆ ಹಲಗೆ ನಿಲ್ಲಿಸಿ ಬೆರಳಲ್ಲಿ ಚಿಮ್ಮಬೇಕು, ತಮ್ಮ ಗೊಂಬೆಗೆ ತಾಗಿದರೆ ಅದು ಹಿಡಿದ ಲೆಕ್ಕ. ಹತ್ತಿ ಹಾರುತ್ತದೆ ಅಂತ ಫ್ಯಾನು ಬಂದ್. ಬೆವರಿ ಸಾಯಬೇಕಾದವಳು ನಾನು. ಇನ್ನೊಂದು, ಆಪ್ಶನ್ ಅಂತೆ. ಚೆಂಡಿನ ಗೊಂಬೆ ಸಿಕ್ಕಿಬೀಳುವ ಮೊದಲು ಹಲಗೆ ನಿಂತರೆ ಚೆಂಡನ್ನು ಪಕ್ಕದ ಗೊಂಬೆಗೆ ದಾಟಿಸಬಹುದು. ಪಕ್ಕ ಅಂದರೆ ಎಷ್ಟು? ಅದಕ್ಕೆ ನಾನು ಗುಡಿಸುವ ಹಿಡಿಸೂಡಿಯಿಂದ ಕಡ್ಡಿ ಎಳೆದು, ಬೆರಳುದ್ದ ಮುರಿದು ಇಟ್ಟಿದ್ದರು. ಅಳೆಯುವವಳು ನಾನು. ಒಬ್ಬನ ಕೈ ಮೇಲೆ ಇನ್ನೊಬ್ಬನಿಗೆ ನಂಬಿಕೆ ಇಲ್ಲ. ನಾಳೆ ಊರವರ ಹೊಟ್ಟೆ ಕೊಯ್ಯುವ ಕೈಗಳು!

ಒಂದು ಶನಿವಾರ ರಜೆ ಕೇಳಿದೆ. ಮರುದಿನ ಕಾಪುವಿನಲ್ಲಿ ತಂಗಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ತಂಗಿಗೆ ಗಂಡ ಇಲ್ಲ, ಬಾಯಿಯೂ ಇಲ್ಲ. ಮಾತಾಡಲು ನಾನೇ ಹೋಗಬೇಕು. ಉದ್ದದವನು ಅದೇ ದಿನ ಗೆಳೆಯರನ್ನು ಊಟಕ್ಕೆ ಕರೆದಿದ್ದ.

"ಆಟದಲ್ಲೇ ತೀರ್ಮಾನ ಮಾಡುವ," ಅಂದ. ಕನ್ನಡಕದವನು ಗೆದ್ದರೆ ನನಗೆ ರಜೆಯಂತೆ.

ಕೊನೆಯ ಓಟದಲ್ಲಿ ಕನ್ನಡಕದವನ ಗೊಂಬೆಯನ್ನು ಎದುರಿನವು ಮುತ್ತುವಾಗ ಕರೆಂಟು ಹೋಯಿತು.

"ಆಪ್ಶನ್!" ಅಂತ ಕನ್ನಡಕದವನು ಕಿರುಚಿ, ಗೆಲ್ಲುವ ಗೆರೆಯ ಹತ್ತಿರದ ತನ್ನ ಇನ್ನೊಂದು ಗೊಂಬೆ ತೋರಿಸಿದ.

"ಸ್ವಿಚ್ಚು ತೆಗೆದದ್ದು ನೀನಾ? ಕರೆಂಟಿನವರು ಆಡುವುದಾ ನಿನ್ನ ಆಟ? ಅಕ್ಕಾ, ನೀವು ಹೇಳಿ," ಅಂದ ಉದ್ದದವನು.

"ಹಲಗೆ ನಿಂತರೆ ಅಂತ ಅಲ್ವಾ ರೂಲು? ನಿಂತಿದೆ. ಕಡ್ಡಿ ತಾ," ಅಂದೆ.

ಇಟ್ಟು ನೋಡಿದೆ. ಅಕ್ಕಿಕಾಳಿನಷ್ಟು ಕಡಿಮೆ.

"ಮುಟ್ಟುವುದಿಲ್ಲ," ಅಂದೆ.

"ಅಕ್ಕಾ, ಹೋಗುವುದು ನಿಮ್ಮದೇ ರಜೆ ಮಾರಾಯ್ರೆ!"

"ರಜೆ ನನ್ನದು ಅಂತ ಕಡ್ಡಿ ಬೆಳೆಯುತ್ತದಾ?"

ಉದ್ದದವನು ಕುಣಿದ. "ನಾಳೆ ಎಂಟು ಜನಕ್ಕೆ ಕೋಳಿಸಾರು!"

"ಸೋತದ್ದು ಅವನು. ಅವನ ಹತ್ತಿರ ಮಾಡಿಸು," ಅಂದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ.

ಕಾಪುವಿನಲ್ಲಿ ಹುಡುಗನಿಗೆ ಎಂತ ಕೆಲಸ ಅಂತ ಮೂರು ಸಲ ಕೇಳಿದೆ. ಮೂರು ಉತ್ತರ ಬಂತು. ಚಾ ಕೊಟ್ಟು ಕಳಿಸಿದೆ.

ಸೋಮವಾರ ಬಂದು ನೋಡಿದರೆ ಅನ್ನದ ಪಾತ್ರೆಯ ತಳ ಕರಟಿ ಕಲ್ಲಾಗಿತ್ತು. ಯಾರು ತಿಕ್ಕುವುದು ಅಂತ ಇಬ್ಬರೂ ಹಲಗೆ ಇಟ್ಟು ಕೂತಿದ್ದರು, ನನ್ನ ಕಡ್ಡಿಗೆ ಕಾಯುತ್ತಾ. ಕಡ್ಡಿ ಒಲೆಗೆ ಹಾಕಿದೆ. ಪಾತ್ರೆ ಎತ್ತಿ ಹಲಗೆಯ ಮೇಲೆ ಇಟ್ಟೆ, ಗೊಂಬೆಗಳ ನಡುವೆ.